ಅಮ್ಮಿಯ ಬಳೆಗಳ ಮುಖ

"ನಿಲ್ಸೋ ಗಾಡಿ!"

ಹಿಂದೆ ಬೈಕಿನಲ್ಲಿ ಮುನಾವರ್. ಒಂದು ಕೈಯಲ್ಲಿ ಕಬ್ಬಿಣದ ಇಕ್ಕಳ. ತಲೆಗೆ ಬಿದ್ದರೆ ನನ್ನ ಕತೆ ಇಲ್ಲೇ ಮುಗಿಯಿತು!

ಶಿವಾಜಿನಗರದ ಗುಜರಿ ಗಲ್ಲಿಯಿಂದ ಸ್ಕೂಟರ್ ನುಗ್ಗಿಸಿ ಹಲಸೂರಿನ ಕಡೆ ತಿರುಗಿಸಿದೆ. ಕಾಲುಗಳ ನಡುವೆ ಕಂಬಳಿ ಸುತ್ತಿದ ಗಂಟು. ಅದರೊಳಗೆ ಅವನ ತಾಯಿ.

ಗಾಬರಿಯಾಗಬೇಡಿ ಸಾರ್... ಗಾಜಿನ ತಾಯಿ.

ಮುನಾವರನ ಅಕ್ಕ ಮಿಸ್ಬಾ ಗಾಜಿನ ಶಿಲ್ಪಿ. ತಾಯಿ ಬದುಕಿದ್ದಾಗ ಮುಖಕ್ಕೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದಿದ್ದಳು. ಸತ್ತ ಮೇಲೆ ಆಕೆಯ ಗಾಜಿನ ಬಳೆಗಳನ್ನೆಲ್ಲ ಆ ಅಚ್ಚಿನಲ್ಲೇ ಕರಗಿಸಿದಳು. ಅಚ್ಚು ಒಡೆದರಷ್ಟೇ ಗಾಜು ಹೊರಬರುವುದು. ಹಾಗಾಗಿ ಅಂಥ ಇನ್ನೊಂದು ಮುಖ ಈ ಜನ್ಮದಲ್ಲಿ ಆಗದು.

ಇಂದಿರಾನಗರದ ಗ್ಯಾಲರಿ ಮಾಲೀಕ ಸಿದ್ಧಾರ್ಥನಿಗೆ ಅದು ಸಂಜೆಯ ಶೋಗೇ ಬೇಕಿತ್ತು. ಮಿಸ್ಬಾ ಒಪ್ಪಲಿಲ್ಲ.

"ಭಟ್ಟಿಯೊಳ್ಗೇ ನಿಧಾನಕ್ಕೆ ಆರ್ಬೇಕು ರೀ. ಅವಸರ ಮಾಡಿದ್ರೆ ಸೀಳತ್ತೆ."

ಇಂಥ 'ಒಪ್ಪಲಿಲ್ಲ'ಗಳಿಗಾಗಿಯೇ ನನ್ನಂಥವನನ್ನು ಕರೆಸುವುದು. ಕಲೆ ಅಂದರೆ ನನಗೆ ಶರ್ಟಿನ ಮೇಲಿರುವುದಷ್ಟೇ ಗೊತ್ತು. ಆದರೆ ಮಿಮಿಕ್ರಿ ಗೊತ್ತು! ಮಿಸ್ಬಾ ಹೊರಗೆ ಹೋದದ್ದೇ, ಗಲ್ಲಿಯಲ್ಲಿದ್ದ ಭಟ್ಟಿ ಶೆಡ್ಡಿನ ತಗಡಿನ ಗೋಡೆಯಾಚೆ ನಿಂತು ಅವಳ ದನಿ ತೆಗೆದೆ. ಅವಳದೇ ದಖ್ಖನಿ ಉರ್ದುವಿನಲ್ಲಿ; ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ ಸಾರ್.

"ಮುನ್ನಾ, ಭಟ್ಟಿ ತೆಗಿಯೋ! ಅಚ್ಚು ಒಡಿ!"

"ಇಷ್ಟ್ ಬೇಗಾನಾ ಆಪಾ?" ಅಕ್ಕನೇ ಅಂದುಕೊಂಡು ಒಳಗಿನಿಂದ ಮುನಾವರ್.

"ಹೇಳಿದಷ್ಟ್ ಮಾಡೋ!"

ಪಾಪ, ಮಾಡಿದ. ಗಾಜು ಮೇಜಿನ ಮೇಲೆ ಬಂದದ್ದೇ ತಡ, ನುಗ್ಗಿ, ಕಂಬಳಿ ಸುತ್ತಿ, ಎತ್ತಿಕೊಂಡು ಓಡಿದೆ.

ಹಲಸೂರು ಕೆರೆಯ ಪಕ್ಕದಲ್ಲಿ...

ಟಿಕ್.

ಬ್ರೇಕ್ ಹಾಕಿದೆ. ಕಂಬಳಿ ಬಿಡಿಸಿದೆ. ಹಸಿರು, ಕೆಂಪು ಬೆರೆತ ಮುಖ. ಅದರ ಕೆನ್ನೆಯಲ್ಲಿ ನನ್ನ ಮುಖವೂ ತೇಲುತ್ತಿತ್ತು. ತುಟಿಯಿಂದ ಹಣೆಗೆ ಒಂದು ಗೆರೆ ಓಡಿತು... ನೋಡನೋಡುತ್ತಿದ್ದಂತೆ ಇಬ್ಬರೂ ಚೂರು!

ಮುನಾವರ್ ಬಂದ. ಇಕ್ಕಳ ಎತ್ತಿದ. ಹೊಡೆಯಲಿಲ್ಲ. ಅಲ್ಲೇ ಕುಸಿದು ಕೂತ.

"ನಾನೇ ಭಟ್ಟಿ ತೆಗ್ದೆ... ಅಮ್ಮೀನ ನಾನೇ ಒಡ್ದಾಕ್ಬಿಟ್ಟೆ..."

ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

ಫೋನ್ ಬಂತು. ಸಿದ್ಧಾರ್ಥ್. ಒಡೆದುಹೋಯಿತು ಎಂದೆ.

"ಸೂಪರ್ ಗುರು! ನಮ್ ಶೋ ಹೆಸ್ರೇ 'ಅನಿತ್ಯ'! ಚೂರನ್ನೇ ತಗೊಂಡ್ ಬಾ!"

"ನಾನೂ ಅನಿತ್ಯಾನೇ ಸಾರ್. ಬರಲ್ಲ."

ಕಟ್ ಮಾಡಿದೆ.

ಚೂರುಗಳನ್ನು ಕಂಬಳಿಯಲ್ಲೇ ಕಟ್ಟಿ ಇಬ್ಬರೂ ಶೆಡ್ಡಿಗೆ ಒಯ್ದೆವು. ಮಿಸ್ಬಾ ಬಾಗಿಲಲ್ಲೇ ನಿಂತಿದ್ದಳು.

"ಭಟ್ಟಿ ಯಾರು ತೆಗ್ದಿದ್ದು?"

"ನಾನು ಆಪಾ," ಎಂದ ಮುನಾವರ್. ತಲೆ ಎತ್ತಲಿಲ್ಲ.

ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದೆ. ಸುಮ್ಮನಿರಲಾಗಲಿಲ್ಲ ಸಾರ್...

"ಅವನಲ್ಲ ಮೇಡಂ. ನಿಮ್ಮ ದನಿ ಮಾಡಿ ತೆಗೆಸಿದ್ದು ನಾನು."

ಅವಳು ಗಂಟು ಬಿಚ್ಚಿ ಚೂರುಗಳನ್ನು ನೋಡಿದಳು. ಆಮೇಲೆ ಖಾಲಿ ಬಕೆಟ್ಟನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು.

"ಮುಖ ಹೋಯ್ತು. ಬಳೆ ಗಾಜಾದ್ರೂ ಉಳೀಲಿ. ಒಂದೂ ಬಿಡ್ದೆ ಆರ್ಸಿ ಹಾಕು. ಕೈಯಲ್ಲೇ!"

ಕೂತೆ. ಮೊದಲ ಚೂರಿಗೇ ಬೆರಳು ಕುಯ್ದು ರಕ್ತ ಚಿಮ್ಮಿತು. ಮಿಸ್ಬಾಳ ಮುಖ ನೋಡಿದೆ.

"ಒರೆಸಿ ಹಾಕು," ಎಂದಳು. "ಅಮ್ಮಿ ಬಳೆಗೆ ನಿನ್ ಕಲರ್ ಬೇಡ."