ಇನ್ನೊಂದು ಗೇಣು ಬಟ್ಟೆ

“ನಮಸ್ಕಾರ. ಶಿವಮೊಗ್ಗದಿಂದ ಮಾತಾಡ್ತಿದ್ದೀನಿ. ಹೆಸರಾಂತ ವರ್ತಕರ ವಿಶೇಷ ಸಂಚಿಕೆಗೆ ನಿಮ್ಮನ್ನ ಆರಿಸಿದ್ದೀವಿ.”

ಅರವತ್ತಮೂರನೇ ಇಸವಿಯ ಆ ಬೆಳಗ್ಗೆ ವೇದಾವತಿ ಈ ಮಾತನ್ನು ಎಷ್ಟು ಅಂಗಡಿಗಳಿಗೆ ಒಪ್ಪಿಸಿದ್ದಳೋ. ಕೆಲವರು ಬೈದು ಫೋನಿಟ್ಟಿದ್ದರು. ಭದ್ರಾವತಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹಾಲಸ್ವಾಮಿಗೆ ಫೋನೇ ಹೊಸದು. “ನನ್ನನ್ನಾ? ಒಂದ್ನಿಮಿಷ ಇರಿ, ಗಿರಾಕಿ ಇದಾರೆ” ಎಂದು ರಿಸೀವರನ್ನು ಮೇಜಿನ ಮೇಲಿಟ್ಟು ಹೋದ. ಅವನ ದನಿ ದೂರದಿಂದ ಕೇಳಿಸಿತು: “ಇನ್ನೊಂದು ಗೇಣು ಇರ್ಲಿ ಬಿಡಮ್ಮ, ಮಗು ಬೆಳೆಯುತ್ತೆ.” ಆಮೇಲೆ ಪರ್ರನೆ ಬಟ್ಟೆ ಹರಿದ ಸದ್ದು.

ಸಂಚಿಕೆ ಎಂಥದೆಂದು ಅವಳಿಗೆ ಗೊತ್ತಿತ್ತು. ದುಡ್ಡು ಕೊಟ್ಟವರ ಫೋಟೋ, ಎಲ್ಲರಿಗೂ ಒಂದೇ ಹೊಗಳಿಕೆ, ಪುಸ್ತಕ ತಲುಪುವುದೂ ಅವರ ಮನೆಗಳಿಗೇ. ಅಪ್ಪ ಮುರುಗೇಶಪ್ಪನವರ ಪಾಲಿಗೆ ಮಗಳು ದುರ್ಗಿಗುಡಿಯ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದಳು. ಕಂಡ ಕಂಡ ಗಂಡಸರಿಗೆ ಫೋನ್ ಮಾಡುತ್ತಾಳೆಂದು ತಿಳಿದರೆ ಹೊಸಿಲು ದಾಟಲು ಬಿಡುವವರಲ್ಲ.

ಹಾಲಸ್ವಾಮಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಯೋಚಿಸಬೇಕು, ನಾಳೆ ಮಾಡಿ ಎಂದ. ನಾಳೆಯೂ ಅದೇ ರಾಗ. ಮೂರು ನಿಮಿಷ ಆಯಿತೆಂದು ಆಪರೇಟರ್ ನಡುವೆ ಬರುವವರೆಗೆ ಹೊಸ ವಾಯಿಲ್ ಸೀರೆಗಳ ಬಣ್ಣ ಹೇಳುತ್ತಿದ್ದ, ಅವಳಿಗೆ ಯಾವುದು ಒಪ್ಪುತ್ತದೆಂದೂ ಹೇಳುತ್ತಿದ್ದ.

“ನೀವು ನನ್ನನ್ನ ಕಂಡೇ ಇಲ್ವಲ್ಲ.”

“ನಗು ಕೇಳಿದೀನಲ್ಲ. ತಿಳಿಹಸಿರು.”

ಕೊನೆಗೊಂದು ದಿನ ಅವನು ಪುಟ ಕೊಂಡ. ಕೊಳ್ಳಬೇಡಿ ಎಂದು ಅವಳು ಹೇಳಬೇಕಿತ್ತು. ಹೇಳಿದ್ದರೆ ಮತ್ತೆ ಫೋನ್ ಮಾಡಲು ನೆವ ಉಳಿಯುತ್ತಿರಲಿಲ್ಲ. ಮನಸ್ಸು ತಡೆಯದೆ ಅವನ ಫೋಟೋದ ಕೆಳಗಿದ್ದ ಹೊಗಳಿಕೆ ಹೊಡೆದುಹಾಕಿ ತಾನೇ ಒಂದು ಸಾಲು ಬರೆದಳು: ‘ಇವರು ಅಳೆದ ಮೇಲೆ ಇನ್ನೊಂದು ಗೇಣು ಬಿಟ್ಟೇ ಬಟ್ಟೆ ಹರಿಯುತ್ತಾರೆ.’

ಪುಸ್ತಕ ತಲುಪಿದ ವಾರ ಅವನು ಮನೆಯ ವಿಳಾಸ ಕೇಳಿದ. ಅವ್ವನನ್ನು ಕರೆತರುತ್ತೇನೆಂದ. ಫೋನಿನ ಸುದ್ದಿ ಅಪ್ಪನೆದುರು ಎತ್ತಬಾರದೆಂದು ವೇದಾವತಿ ಮಾತು ತೆಗೆದುಕೊಂಡಳು. ಪುಸ್ತಕದ ಸುದ್ದಿ ಎತ್ತಬೇಡಿ ಎನ್ನಲು ಅವಳಿಗೆ ಹೊಳೆಯಲಿಲ್ಲ.

ಭಾನುವಾರ ಅವಳು ಉಪ್ಪಿಟ್ಟಿನ ತಟ್ಟೆ ತಂದಾಗ ಹಾಲಸ್ವಾಮಿ ತಲೆಯೆತ್ತಿದ. ತಿಳಿಹಸಿರು ಸೀರೆ ಕಂಡು ತುಟಿಯಂಚಿನಲ್ಲಿ ನಗು ಬಂತು. ಅಷ್ಟರಲ್ಲಿ ಅವನ ಅವ್ವ ಕಾಶಮ್ಮ, ಗಾಜಿನ ಕಟ್ಟು ಹಾಕಿಸಿದ್ದ ಆ ಪುಟವನ್ನು ಚೀಲದಿಂದ ತೆಗೆದು ಮುರುಗೇಶಪ್ಪನವರ ಕೈಗಿಟ್ಟರು. ಮಗನ ಯೋಗ್ಯತೆ ಏನೆಂದು ಬೀಗರಿಗೂ ತಿಳಿಯಲಿ ಎಂಬ ಆಸೆ ಆಕೆಗೆ.

ಮುರುಗೇಶಪ್ಪ ಗೇಣಿನ ಸಾಲನ್ನು ಗಟ್ಟಿಯಾಗಿ ಓದಿ ನಕ್ಕರು. ತಮಗೆ ಅಂಗಡಿ ಇದ್ದಾಗ ಇದೇ ಪುಸ್ತಕದವರ ಫೋನು ಬಂದಿತ್ತೆಂದೂ, ಉಗಿದು ಇಟ್ಟೆನೆಂದೂ ಹೇಳಿದರು.

“ದುಡ್ಡು ಕೊಟ್ಟು ಹೊಗಳಿಸಿಕೊಳ್ಳೋ ಹುಡುಗನಿಗೆ ನಾನು ಹೆಣ್ಣು ಕೊಡಲ್ಲ ತಾಯಿ.”

ಹಾಲಸ್ವಾಮಿ ವೇದಾವತಿಯನ್ನು ನೋಡಿದ. ಆ ಪುಟ ಮಾರಿದ್ದು ಯಾರೆಂದು ಒಂದು ಮಾತು ಆಡಿದ್ದರೆ ಅವನ ಮಾನ ಉಳಿಯುತ್ತಿತ್ತು. ಕೊಟ್ಟ ಮಾತಿಗಾಗಿ ಅವನು ಬಾಯಿ ಬಿಡಲಿಲ್ಲ, ಹೆದರಿಕೆಗೆ ಅವಳೂ ಬಿಡಲಿಲ್ಲ. ಕಾಶಮ್ಮ ಫೋಟೋವನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು.

ಅಪ್ಪನಿಗೆ ನಿಜ ಹೇಳುವ ಧೈರ್ಯ ಬರುವಷ್ಟರಲ್ಲಿ ಶ್ರಾವಣ ಕಳೆದಿತ್ತು. ಅಪ್ಪ ಬೈಯಲಿಲ್ಲ. ತಾವೇ ಭದ್ರಾವತಿಗೆ ಹೋಗಿ ಆ ತಾಯಿಯ ಕ್ಷಮೆ ಕೇಳುತ್ತೇನೆಂದರು. ಅವಳು ಆಫೀಸಿಗೆ ಓಡಿದಳು, ಟ್ರಂಕ್ ಕಾಲ್ ಬುಕ್ ಮಾಡಿದಳು.

“ಅಪ್ಪಂಗೆ ಎಲ್ಲಾ ಹೇಳಿದೆ. ಅವರೇ ಬರ್ತಾರಂತೆ. ಪುಸ್ತಕ ಸುಳ್ಳು ರೀ, ಆದ್ರೆ ಆ ಗೇಣಿನ ಸಾಲು ನಾನೇ ಬರೆದಿದ್ದು. ಅದು ನಿಜ.”

ಹಾಲಸ್ವಾಮಿ ದನಿ ತಗ್ಗಿಸಿದ.

“ಅವತ್ತಿಂದ ಅವ್ವ ಯಾರೆದುರೂ ತಲೆ ಎತ್ತಿಲ್ಲ. ನೀವು ಹೇಳ್ತೀರಿ ಅಂತ ದಿನಾ ಫೋನ್ ನೋಡ್ತಾ ಕೂತಿದ್ದೆ. ಮೊನ್ನೆ ತರೀಕೆರೆ ಹುಡುಗಿಗೆ ಹೂ ಮುಡಿಸಿ ಬಂದ್ವಿ.”

ಆಪರೇಟರ್ ನಡುವೆ ಬಂದಳು. “ಮೂರು ನಿಮಿಷ ಆಯ್ತು. ಮುಂದುವರಿಸ್ಲಾ?”

“ಹೂಂ” ಎಂದಳು ವೇದಾವತಿ. ಅವನು ಬೇಡವೆನ್ನಲಿಲ್ಲ.

ಅಂಗಡಿಗೆ ಯಾರೋ ಬಂದರು. ಅವನು ಫೋನ್ ಇಟ್ಟುಬಿಡಲಿಲ್ಲ. ಮೊದಲ ದಿನದಂತೆ ರಿಸೀವರನ್ನು ಮೇಜಿನ ಮೇಲಿಟ್ಟು ಹೋದ. “ಇನ್ನೊಂದು ಗೇಣು ಇರ್ಲಿ ಬಿಡಮ್ಮ” ಎನ್ನುವಾಗ ಅವನ ದನಿ ಒಡೆದಿತ್ತು. ಬಟ್ಟೆ ಹರಿಯಿತು. ಲೈನ್ ಕಟ್ಟಾಗುವವರೆಗೂ ವೇದಾವತಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ಅಳುತ್ತ ನಿಂತಿದ್ದಳು.