ಕಟ್ ಮಾಡದ ಕಟ್ಟು

ಅವಳು ತನ್ನ ಕಾರ್ಡಿನ ಕಟ್ಟನ್ನು ಮೇಜಿನ ಮೇಲೆ ಅವನತ್ತ ಸರಿಸಿದಳು.

ನಿಯಮ ಅಂದರೆ ನಿಯಮ. ಈ ಆಟಕ್ಕೆ ಪ್ರತಿಯೊಬ್ಬರೂ ತಾವೇ ಆಯ್ದ ಕಾರ್ಡುಗಳ ಕಟ್ಟು, ಅಂದರೆ ಡೆಕ್, ತರುತ್ತಾರೆ. ಶುರುವಾಗುವ ಮುಂಚೆ ಎದುರಾಳಿ ನಮ್ಮ ಕಟ್ಟನ್ನು ಕಲಸಬೇಕು, ಇಲ್ಲವೇ ನಡುವೆ ಒಡೆದು ಕಟ್ ಮಾಡಬೇಕು. ಬೇಕಾದ ಕಾರ್ಡನ್ನು ಯಾರೂ ಮೇಲೆ ಜೋಡಿಸಿಟ್ಟುಕೊಂಡಿಲ್ಲ ಅನ್ನುವುದಕ್ಕೆ ಅದೊಂದೇ ಖಾತ್ರಿ.

ಅವನು ಕಲಸಲಿಲ್ಲ. ಕಟ್ ಕೂಡ ಮಾಡಲಿಲ್ಲ. ಎರಡು ಬೆರಳಿಂದ ಕಟ್ಟಿನ ನೆತ್ತಿಯ ಮೇಲೆ ಮೆಲ್ಲಗೆ ತಟ್ಟಿ, ವಾಪಸ್ ಸರಿಸಿಬಿಟ್ಟ.

"ಕಟ್ ಮಾಡಲ್ವಾ?"

"ಬೇಡ."

"ಯಾಕೆ?"

ಅವನು ತಲೆ ಎತ್ತಿ ಅವಳನ್ನೇ ನೋಡಿದ. "ನಿಮ್ಮ ಮುಖದಲ್ಲಿ ಜಗಳ ಇದೆ. ಮೋಸ ಇಲ್ಲ."

ಅವಳ ಕಿವಿ ಬಿಸಿಯಾಯಿತು. ಜೊತೆಗೇ ಅನುಮಾನವೂ ಬಂತು. ಪರಿಚಯವೇ ಇಲ್ಲದವಳನ್ನು ಇಷ್ಟು ಸಲೀಸಾಗಿ ನಂಬುವವನು ಒಂದೋ ಪೆದ್ದ, ಇಲ್ಲ ಪಕ್ಕಾ ಕಿಲಾಡಿ. ಇವನ ಕಣ್ಣಲ್ಲಿ ಪೆದ್ದುತನವಂತೂ ಇರಲಿಲ್ಲ...

ಅನುಮಾನ ಅವಳ ಕಸುಬಿನಿಂದಲೇ ಬಂದದ್ದು. ಅಮ್ಮನ ಕನ್ನಡಕದಂಗಡಿಯಲ್ಲಿ ದಿನವಿಡೀ ಕಣ್ಣು ಪರೀಕ್ಷೆ ಮಾಡುವವಳು ಅವಳು. ಗಾಡಿ ಓಡಿಸುವ ಲೈಸೆನ್ಸಿಗಾಗಿ ಗೋಡೆಯ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬರುವವರು, ಕಾಣದಿದ್ದರೂ ಕಾಣುತ್ತೆ ಅನ್ನುವವರು, ಎಲ್ಲರನ್ನೂ ನೋಡಿದ್ದಳು. ಅದಕ್ಕೇ ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, "ಇದಾ, ಅದಾ? ಯಾವುದು ಸ್ಪಷ್ಟ?" ಎಂದು ತಿರುಗಿಸಿ ತಿರುಗಿಸಿ ಕೇಳುವುದು ಅವಳಿಗೆ ರೂಢಿ. ನಿನ್ನ ಕೈಗೆ ಸಿಕ್ಕ ಮನುಷ್ಯನಿಗೆ ದೃಷ್ಟಿ ಸರಿಹೋಗುತ್ತೆ, ನೆಮ್ಮದಿ ಕೆಡುತ್ತೆ ಎಂದು ಅಮ್ಮ ರೇಗಿಸುತ್ತಿದ್ದಳು.

ಅವನದು ಬೀಗ ರಿಪೇರಿ ಕೆಲಸ. ಕಾರ್ಡ್ ಅಂಗಡಿಯಲ್ಲಿ ಎಲ್ಲರೂ ಅವನನ್ನು ಬೀಗ ಎಂದೇ ಕರೆಯುತ್ತಿದ್ದರು. ಅವಳು ಲೆನ್ಸ್ ಮೇಡಂ. ಹೆಸರಿಟ್ಟದ್ದು ಆ ಅಂಗಡಿ ನಡೆಸುವ ಅಕ್ಕ. ವಾರಕ್ಕೊಮ್ಮೆ ಅಲ್ಲಿ ಪಂದ್ಯ ನಡೆಸುವವಳೂ ಅವಳೇ, ತೀರ್ಪುಗಾರಳೂ ಅವಳೇ.

ಆ ಮೊದಲ ದಿನ ಇವಳು ಗೆದ್ದಳು. ಸೋತವನು ಬೇಜಾರು ಮಾಡಿಕೊಳ್ಳುವ ಬದಲು, ನಿಮ್ಮ ಡೆಕ್ ಬೆಂಕಿಪೊಟ್ಟಣ ಇದ್ದಹಾಗಿದೆ ಅಂದ. ಒಂದೇ ಗೀರು, ಧಗ್ ಅಂತ ಉರಿಯುತ್ತೆ. ಆದರೆ ಕಡ್ಡಿ ಒದ್ದೆಯಾದರೆ ಮುಗಿಯಿತು.

ಅವನು ಹೇಳಿದ್ದು ಸರಿಯೇ ಇತ್ತು. ಇಬ್ಬರ ಕಟ್ಟುಗಳೂ ವೇಗದ ಜಾತಿಯವು. ಎರಡು ಮೂರು ಕಾರ್ಡುಗಳು ಕೈಯಲ್ಲಿ ಜೊತೆಯಾದರೆ ಸಾಕು, ಎದುರಾಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಟ ಮುಗಿಸಿಬಿಡುತ್ತವೆ. ಅವಳದು ಎರಡನೆಯ ಸರದಿಯಲ್ಲೇ ಗೆಲ್ಲುತ್ತಿತ್ತು. ಆದರೆ ಎದುರಾಳಿ ಒಂದು 'ತಡೆ' ಕಾರ್ಡು ಹಾಕಿದರೆ ಠುಸ್. ಅವನದಕ್ಕೆ ಅವಳಿಟ್ಟ ಹೆಸರು ಕುಕ್ಕರ್. ಎರಡು ಸರದಿ ಸದ್ದಿಲ್ಲದೆ ಕೂತು, ಮೂರನೆಯದರಲ್ಲಿ ಸೀಟಿ ಹೊಡೆಯುತ್ತಿತ್ತು. ನಿಧಾನ, ಆದರೆ ತಡೆಗೆ ಮದ್ದು ಅದರೊಳಗೇ ಇತ್ತು.

ಯಾವುದು ಮೇಲು? ಅದೊಂದು ಮಾತಿನ ನೆಪದಲ್ಲಿ ಅವರು ಸಂಜೆ ಸಂಜೆ ಭೇಟಿಯಾಗತೊಡಗಿದರು. ಅವಳ ಕಟ್ಟಲ್ಲಿ ಅವನು, ಅವನ ಕಟ್ಟಲ್ಲಿ ಅವಳು ಆಡಿದರು. ಕಾಯುವ ತಾಳ್ಮೆಯೇ ಇಲ್ಲದವರು ಆಡುವ ಆಟ ನಿಮ್ಮದು ಎಂದು ಅವನು, ಹೆದರುಪುಕ್ಕಲರ ಆಟ ನಿಮ್ಮದು ಎಂದು ಅವಳು. ಪ್ರತಿ ಆಟಕ್ಕೂ ಮುಂಚೆ ಅವಳು ಅವನ ಕಟ್ಟನ್ನು ಶಾಸ್ತ್ರೋಕ್ತವಾಗಿ ಕಲಸುತ್ತಿದ್ದಳು. ಅವನು ಮಾತ್ರ ಎರಡು ಬೆರಳಿಂದ ತಟ್ಟಿ ಕೊಡುತ್ತಿದ್ದ.

ಆ ತಟ್ಟುವಿಕೆಗಾಗಿ ತಾನು ಕಾಯುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದ ಸಂಜೆ, ಅವನು ಒಂದು ಉಡುಗೊರೆ ತಂದ. ಬೆಂಕಿಪೊಟ್ಟಣದ ಜೀವವಾದ 'ಕನ್ನಡಿ' ಕಾರ್ಡು. ಅವಳ ಹತ್ತಿರ ಇದ್ದದ್ದು ಅಂಚು ಸವೆದ ಹಳೆಯದು. ಇವನು ತಂದದ್ದು ಮಿನುಗುವ ವಿಶೇಷ ಅಚ್ಚು, ತಿರುಗಿಸಿದರೆ ಬಣ್ಣ ಹರಿಯುವಂಥದ್ದು. ಅವಳು ಹಳೆಯದನ್ನು ತೆಗೆದಿಟ್ಟು ಇದನ್ನೇ ಕಟ್ಟಿಗೆ ಸೇರಿಸಿದಳು.

ಯಾಕೆ ಕೊಟ್ಟ? ಏನು ಬೇಕು ಇವನಿಗೆ? ಅಂದು ರಾತ್ರಿ ನಿದ್ದೆ ಹತ್ತುವವರೆಗೂ ಅವಳು ಮನಸ್ಸಿನಲ್ಲೇ ಗಾಜು ಬದಲಿಸಿದಳು. ಇದಾ... ಅದಾ...

ದೊಡ್ಡ ಪಂದ್ಯಾವಳಿಗೆ ಆ ಊರಿಂದ ಒಬ್ಬರಿಗೇ ಅವಕಾಶ. ಆಯ್ಕೆಯ ದಿನ ಕಾರ್ಡ್ ಅಂಗಡಿ ಕಿಕ್ಕಿರಿದಿತ್ತು. ಅವಳು ತನ್ನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಹಾಜರಿ ಹೇಳಲು ಅಕ್ಕನ ಹತ್ತಿರ ಹೋಗಿ ಬಂದಳು.

ಬಂದು ನೋಡಿದರೆ ಡಬ್ಬಿ ತೆರೆದಿತ್ತು. ಅದರ ಮೇಲೆ ಅವನು ಬಾಗಿದ್ದ. ಅವಳ ನೆರಳು ಬಿದ್ದದ್ದೇ, ಅವನ ಕೈ ಸರ್ರನೆ ಹಿಂದೆ ಹೋಯಿತು.

"ನಿಮಗೊಂದು ಮಾತು ಹೇಳಬೇಕಿತ್ತು," ಅಂದ.

"ಆಟ ಮುಗೀಲಿ." ಡಬ್ಬಿಯನ್ನು ಎದೆಗವಚಿಕೊಂಡು ಅವಳು ತಿರುಗಿ ನಡೆದುಬಿಟ್ಟಳು. ಏನು ನೋಡುತ್ತಿದ್ದ? ನನ್ನ ಕಟ್ಟಿನ ಗುಟ್ಟೇ? ಇಷ್ಟು ಸಂಜೆಗಳ ನಗು, ಉಡುಗೊರೆ, ಎಲ್ಲಾ ಇದಕ್ಕಾಗಿಯೇ?

ಅಂದು ಮೊದಲ ಆಟಗಳಲ್ಲಿ ಕನ್ನಡಿ ಕಾರ್ಡು ಅವಳ ಕೈಗೆ ಬರಲೇ ಇಲ್ಲ. ಬಳಸುದಾರಿಯಲ್ಲೇ ಗೆಲ್ಲುತ್ತಾ ಕೊನೆಯ ಆಟಕ್ಕೆ ಬಂದಳು. ಎದುರು ಕೂತವನು ಅವನೇ. ಪಕ್ಕದಲ್ಲಿ ಅಕ್ಕ, ಸುತ್ತ ಜನ.

ಅವಳು ಕಟ್ಟನ್ನು ಸರಿಸಿದಳು. ಎಷ್ಟು ಸಿಟ್ಟಿದ್ದರೂ ಅವಳ ಕಣ್ಣು ಆ ಎರಡು ಬೆರಳುಗಳನ್ನೇ ಕಾದಿತ್ತು.

ಅವನು ಕಟ್ಟನ್ನು ಕೈಗೆತ್ತಿಕೊಂಡ. ಕಲಸಿದ. ಮತ್ತೆ ಕಲಸಿದ. ಒಡೆದು, ಜೋಡಿಸಿ, ಇನ್ನೊಮ್ಮೆ ಕಲಸಿ, ಅವಳ ಮುಖ ನೋಡದೆ ವಾಪಸ್ ಇಟ್ಟ.

ನಾನು ಇವನ ಕಣ್ಣಿಗೆ ಕಳ್ಳಿಯಾದೆನೇ?

ಎರಡನೆಯ ಸರದಿ. ಮೇಲಿನ ಕಾರ್ಡು ಎತ್ತಿಕೊಂಡಳು. ಕನ್ನಡಿ! ಕೈ ತುಂಬಿತು. ಕಡ್ಡಿ ಗೀರುವುದೊಂದೇ ಬಾಕಿ.

ಆದರೆ ಆ ಕಾರ್ಡು ಮಿನುಗುತ್ತಿರಲಿಲ್ಲ.

ಸಾದಾ ಅಚ್ಚು. ಅವಳ ಹಳೆಯದೂ ಅಲ್ಲ, ಅಂಚು ಹೊಚ್ಚ ಹೊಸದು. ಇದು ನನ್ನ ಕಾರ್ಡೇ ಅಲ್ಲ... ಬದಲಾಯಿಸಿದ್ದಾನೆ. ಯಾಕೆ? ನಾನು ಇದನ್ನು ಹಾಕಲಿ ಎಂದು ಕಾಯುತ್ತಿದ್ದಾನೆಯೇ? ಅವನ ಕೈಯಲ್ಲಿ ತಡೆ ಖಂಡಿತ ಇದೆ. ಎಲ್ಲಾ ಹೂಡಿಟ್ಟಿದ್ದಾನೆ.

ಅವಳು ಕಾರ್ಡನ್ನು ಹಾಕಲಿಲ್ಲ. ಸರದಿ ಬಿಟ್ಟುಕೊಟ್ಟಳು.

ಅವನ ಹುಬ್ಬು ಮೇಲೇರಿತು. ಮೂರನೆಯ ಸರದಿಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಆಟ ಮುಗಿಯಿತು.

ಅವಳು ತನ್ನ ಕೈಯ ಕಾರ್ಡುಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಅವನೂ ತನ್ನ ಕೈಯ ಉಳಿದ ಕಾರ್ಡುಗಳನ್ನು ಮಗುಚಿ ಹಾಕಿದ. ತಡೆ ಇರಲಿಲ್ಲ. ಒಂದೂ ಇರಲಿಲ್ಲ. "ಕೈಯಲ್ಲಿ ಕನ್ನಡಿ ಇಟ್ಕೊಂಡು ಯಾಕೆ ಕಾದಿರಿ?" ಎಂದು ಮೆಲ್ಲಗೆ ಕೇಳಿದ. "ಬೆಂಕಿಪೊಟ್ಟಣ ಕಾಯಬಾರದು."

ಅವಳಿಗೆ ಸಹಿಸಲಾಗಲಿಲ್ಲ. ಎದ್ದು ನಿಂತು, ಎಲ್ಲರೆದುರೂ ಹೇಳಿಬಿಟ್ಟಳು. "ಅಕ್ಕಾ, ಇದು ನನ್ನ ಕಾರ್ಡಲ್ಲ. ಯಾರೋ ನನ್ನ ಡಬ್ಬಿಗೆ ಕೈ ಹಾಕಿದ್ದಾರೆ."

ಯಾರು ಎಂದು ಅಕ್ಕ ಕೇಳುವ ಮೊದಲೇ ಅವನು ಜೇಬಿಗೆ ಕೈಹಾಕಿ, ಮಿನುಗುವ ಕನ್ನಡಿಯನ್ನು ತೆಗೆದು ಮೇಜಿನ ಮೇಲಿಟ್ಟ.

ಅದು ಮೇಜಿಗೆ ಅಂಟಿ ಮಲಗಲಿಲ್ಲ. ಒಣಗಿದ ಎಲೆಯ ಹಾಗೆ ಎರಡೂ ತುದಿ ಮೇಲೆತ್ತಿ, ಅಲುಗಾಡುತ್ತಾ ನಿಂತಿತು.

ಅಕ್ಕ ಬೆರಳಿಂದ ಅದರ ಒಂದು ತುದಿ ಒತ್ತಿ ನೋಡಿದಳು. ಮಿನುಗು ಅಚ್ಚಿನ ಕೆಲವು ಕಾರ್ಡು ಹೀಗೆ ಬಾಗುತ್ತವೆ, ಕಟ್ಟು ಮುಟ್ಟಿದರೆ ಸಾಕು ಅದೇ ಜಾಗದಲ್ಲಿ ಒಡೆಯುತ್ತೆ, ನೋಡದೆಯೇ ಆ ಕಾರ್ಡು ಎಲ್ಲಿದೆ ಅಂತ ತಿಳಿದುಬಿಡುತ್ತೆ, ಗುರುತು ಮಾಡಿದ ಕಾರ್ಡು ಅಂತ ಲೆಕ್ಕ ಎಂದಳು. ಇದು ನಿನ್ನ ಡೆಕ್‌ನಲ್ಲಿ ಕಂಡಿದ್ದರೆ ಮೊದಲ ಆಟದಲ್ಲೇ ನಿನ್ನನ್ನು ಎಬ್ಬಿಸಿ ಕಳಿಸಬೇಕಾಗುತ್ತಿತ್ತು ಎಂದಳು.

ಅವಳು ಕೂತಳೋ ನಿಂತಳೋ ಅವಳಿಗೇ ಗೊತ್ತಾಗಲಿಲ್ಲ.

ಅವನು ಒಂದೊಂದೇ ಮಾತು ಹೆಕ್ಕಿ ಹೇಳಿದ. ಬೀಗದವನ ಕಣ್ಣು, ಕೂದಲೆಳೆಯ ಸಂದಿ ಕಂಡರೂ ಬಿಡುವುದಿಲ್ಲ. ಅವಳ ಡಬ್ಬಿಯ ಬಾಯಲ್ಲೇ ಕಟ್ಟು ಒಡೆದು ನಿಂತದ್ದು ಕಂಡಿತು. ಕೈ ತಡೆಯಲಿಲ್ಲ, ಬಾಗಿದ ಕಾರ್ಡನ್ನು ತೆಗೆದು, ತನ್ನ ಹತ್ತಿರವಿದ್ದ ಸಾದಾ ಕನ್ನಡಿಯನ್ನು ಅದರ ಪ್ಲಾಸ್ಟಿಕ್ ಕವರಿಗೆ ಸೇರಿಸಿಬಿಟ್ಟ. ಹೇಳಲು ಬಂದ, ಅವಳು ನಿಲ್ಲಲಿಲ್ಲ. "ನಾನೇ ಕೊಟ್ಟ ಉಡುಗೊರೆ ಸೊಟ್ಟ ಅಂತ ಹೇಳೋಕೆ ನಾಚಿಕೆ ಬೇರೆ," ಅಂದ.

"ಮತ್ತೆ ಅಷ್ಟು ಹೊತ್ತು ಕಲಸಿದ್ದು?" ಅವಳು ಕೇಳಿದಳು.

"ನಾನು ಬರೀ ತಟ್ಟಿ ಕೊಟ್ಟು, ನೀವು ಎರಡನೇ ಸರದೀಲೇ ಗೆದ್ದಿದ್ರೆ, ಇಷ್ಟು ಜನ ಏನನ್ನುತ್ತಿದ್ರು? ಬೀಗನೇ ಗೆಲ್ಲಿಸಿದ ಅನ್ನುತ್ತಿದ್ರು. ನಿಮ್ಮ ಗೆಲುವಿಗೆ ಯಾರೂ ಬೆರಳು ತೋರಿಸಬಾರದು ಅಂತ ಕಲಸಿದೆ."

ಅಕ್ಕ ಉಸಿರೆಳೆದುಕೊಂಡಳು. "ಹೇಳದೆ ಕೇಳದೆ ಇನ್ನೊಬ್ಬರ ಡೆಕ್ ಮುಟ್ಟಿದ್ದೀಯಪ್ಪ. ಯಾಕೆ ಅಂತ ನನಗೆ ಅರ್ಥ ಆಗುತ್ತೆ, ನಿಯಮಕ್ಕೆ ಅರ್ಥ ಆಗಲ್ಲ. ನೀನು ಹೊರಗೆ. ಅವಕಾಶ ಅವಳದು."

ಅವನು ತಲೆಯಾಡಿಸಿ, ಕುಕ್ಕರನ್ನು ಡಬ್ಬಿಗೆ ತುಂಬಿಕೊಂಡು ಹೊರಟುಹೋದ. ಗೆದ್ದವಳು ಅಲ್ಲೇ ನಿಂತಿದ್ದಳು. ಅಂಥ ಸೋಲನ್ನು ಅವಳು ಯಾವತ್ತೂ ಕಂಡಿರಲಿಲ್ಲ.

ಮರುದಿನ ಅವನ ಬೀಗದ ಅಂಗಡಿಯ ಮುಂದೆ ಎರಡು ಸಲ ಹೋಗಿ ಬಂದಳು, ಒಳಗೆ ಕಾಲಿಡಲು ಧೈರ್ಯ ಸಾಲಲಿಲ್ಲ. ಕೊನೆಗೆ ಅಮ್ಮನಿಗೆ ಎಲ್ಲವನ್ನೂ ಹೇಳಿಕೊಂಡು ಅತ್ತಳು. ಅಮ್ಮ ಸಮಾಧಾನ ಮಾಡಲಿಲ್ಲ. ನಮ್ಮ ಷಟರ್ ಬೀಗ ಯಾಕೋ ಬಿಗಿಯಾಗಿದೆ ಎಂದು ಅವನಿಗೆ ಫೋನ್ ಮಾಡಿದಳು.

ಬಂದವನು ಬೀಗ ತಿರುಗಿಸಿ ನೋಡಿದ. ಬೆಣ್ಣೆಯ ಹಾಗೆ ತಿರುಗಿತು. "ಚೆನ್ನಾಗೇ ಇದೆಯಲ್ಲ," ಅಂದ.

"ಹಾಗಾದ್ರೆ ನಿನ್ನ ಕಣ್ಣೇ ಸರಿಯಿಲ್ಲ ಕಣಪ್ಪ, ಒಳಗೆ ಹೋಗಿ ತೋರಿಸ್ಕೋ," ಎಂದು ಅಮ್ಮ ಸಂಚಿ ಹಿಡಿದು ಹೊರಗೆ ನಡೆದಳು.

ಒಳಗಿನ ಪುಟ್ಟ ಕೋಣೆಯಲ್ಲಿ ಅವಳು ಪರೀಕ್ಷೆಯ ಚೌಕಟ್ಟನ್ನು ಅವನ ಮೂಗಿನ ಮೇಲಿಟ್ಟಳು. ಒಂದು ಗಾಜು ಹಾಕಿದಳು, ತೆಗೆದಳು, ಇನ್ನೊಂದು ಹಾಕಿದಳು. ಯಾವುದು ಸ್ಪಷ್ಟ ಎಂದು ಕೇಳದೆಯೇ ಮತ್ತೊಂದಕ್ಕೆ ಕೈ ಹಾಕಿದಳು.

"ಇದಾ, ಅದಾ ಅಂತ ಕೇಳಲ್ವಾ?" ಅವನೇ ಕೇಳಿದ.

"ಕೇಳಿ ಕೇಳಿ ಸಾಕಾಗಿದೆ." ಅವಳ ಕಣ್ಣು ತುಂಬಿತು. "ನಾನು ಕಡ್ಡಿ ಗೀರಲಿಲ್ಲ. ನಿಮ್ಮ ಹತ್ತಿರ ತಡೆ ಇದೆ ಅಂದ್ಕೊಂಡೆ."

"ಇರಲಿಲ್ಲ. ನಿಮ್ಮೆದುರು ಮೊದಲ ದಿನದಿಂದಲೂ ನನ್ನ ಹತ್ತಿರ ಯಾವ ತಡೆಯೂ ಇಲ್ಲ."

ಅವಳು ಅಳುತ್ತಲೇ ನಕ್ಕಳು. ಎಷ್ಟೋ ಹೊತ್ತಿನ ಮೇಲೆ, ದೊಡ್ಡ ಪಂದ್ಯಕ್ಕೆ ಯಾವ ಡೆಕ್ ಒಯ್ಯಲಿ ಎಂದು ಕೇಳಿದಳು. ಬೆಂಕಿಪೊಟ್ಟಣವೇ ಇರಲಿ, ಕಾಯುವುದು ನಿಮಗೆ ಒಗ್ಗಲ್ಲ, ಕಾಯೋ ಕೆಲಸ ನನಗೆ ಬಿಡಿ ಅಂದ ಅವನು. ಅಭ್ಯಾಸಕ್ಕೆಂದು ತನ್ನ ಕುಕ್ಕರನ್ನು ಜೇಬಿನಿಂದ ತೆಗೆದು ಅವಳ ಮುಂದಿಟ್ಟ.

ಅವಳು ಕಟ್ಟನ್ನು ನೋಡಿದಳು. ಕಲಸಲಿಲ್ಲ. ಎರಡು ಬೆರಳಿಂದ ಅದರ ನೆತ್ತಿಯ ಮೇಲೆ ಮೆಲ್ಲಗೆ ತಟ್ಟಿದಳು.

"ಕಟ್ ಮಾಡಲ್ವಾ?"

"ಬೇಡ. ನಿನ್ನ ಮುಖದಲ್ಲಿ ಮೋಸ ಇಲ್ಲ."

'ನಿನ್ನ' ಅಂದದ್ದು ಇಬ್ಬರಿಗೂ ಕೇಳಿಸಿತು. ಯಾರೂ ತಿದ್ದಲಿಲ್ಲ.