ಒಣಗಬಾರದ ದೋಣಿ

ನಿನ್ನೆ ಈ ಫೋನಿನ ಗುಂಪಿನಲ್ಲಿ ನನ್ನ ಮಾತಿಗೆ ಹಲ್ಲು ಕಿಸಿಯುವ ಮುಖದ ಚಿತ್ರ ಹಾಕಿದವರು ಯಾರ್ಯಾರು ಎಂದು ನನಗೆ ಗೊತ್ತಿದೆ. ಮುದುಕನ ತಲೆ ಸಡಿಲಾಗಿದೆ, ಕಂಡದ್ದನ್ನೂ ಕೇಳಿದ್ದನ್ನೂ ಕಲಸಿಬಿಡುತ್ತಾನೆ ಎಂದಿರಲ್ಲ? ಮುಂಜಾನೆ ಗುಳಿಗೆ ನುಂಗಿದೆನೋ ಇಲ್ಲವೋ ನನಗೆ ನೆನಪಿರುವುದಿಲ್ಲ, ಒಪ್ಪಿದೆ. ಆದರೆ ವಿನ್ಸೆಂಟ್ ಆ ದೋಣಿಯನ್ನು ನೀರಿನಿಂದ ಎತ್ತಿದ್ದು ಬುಧವಾರ. ಅವನ ಕಾಲಲ್ಲಿ ಹಸಿರು ರಬ್ಬರ್ ಬೂಟು ಇತ್ತು, ಎಡಗಾಲಿನದು ತೂತಾಗಿತ್ತು. ಇಷ್ಟು ನೆನಪಿಟ್ಟವನನ್ನು ನಂಬದವರು ಇಲ್ಲೇ ಫೋನು ಕೆಳಗಿಡಿ. ಉಳಿದವರು ಬಾಯಿ ಮುಚ್ಚಿ ಕೇಳಿ.

ಧಾರವಾಡದ ಹೊರಗೆ ಕರೆವ್ವನ ಕೆರೆ. ಅದರ ದಂಡೆಗೆ, ನನ್ನ ಮನೆಯ ಮಗ್ಗುಲಿಗೇ, ಹನ್ನೆರಡು ಮನೆಗಳ ಅಂಬಿಗರ ಓಣಿ. ರಸ್ತೆ ಆಗುವ ಮುಂಚೆ ಆಚೆ ದಂಡೆಗೆ ಹೋಗುವವರನ್ನೆಲ್ಲ ಇವರೇ ದಾಟಿಸುತ್ತಿದ್ದರು. ರಸ್ತೆ ಬಂತು, ದೋಣಿಗಳು ಮೂಲೆ ಸೇರಿದವು. ಹೋದ ಮಳೆಗಾಲ ಮುಗಿದ ಮೇಲೆ ದೇಶಪಾಂಡೆ ನಗರದ ಬಿಂದುಮಾಧವರು ನಾಲ್ಕು ಜನರನ್ನು ಕಟ್ಟಿಕೊಂಡು, ಆ ಹಳೆಯ ಏಳು ದೋಣಿಗಳನ್ನು ಉಳಿಸಬೇಕು, ದೋಣಿ ಹಬ್ಬ ಮಾಡಬೇಕು ಎಂದು ಹೊರಟರು. ದುರಸ್ತಿ ವಿನ್ಸೆಂಟನ ಪಾಲಿಗೆ ಬಂತು. ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಅವನ ಮರಗೆಲಸದ ಶೆಡ್ಡು. ಹಳೆಯ ಬೆಂಚು, ಬಾಗಿಲು, ತೊಟ್ಟಿಲುಗಳನ್ನು ಮೊದಲಿದ್ದಂತೆಯೇ ನಿಲ್ಲಿಸುವುದರಲ್ಲಿ ಅವನು ಹೆಸರುವಾಸಿ. ಇದ್ದದ್ದು ಇದ್ದಲ್ಲೇ ಇರಬೇಕು, ಒಂದು ಮೊಳೆಯೂ ಬದಲಾಗಬಾರದು ಎಂಬ ಹಟದವನು. ಆ ಹಟವೇ ಅವನನ್ನು ತಿಂದಿತು.

ಆರು ದೋಣಿಗಳು ಮನೆಗಳ ಹಿಂದೆ ಬೋರಲು ಬಿದ್ದಿದ್ದವು. ಏಳನೆಯದು ಮಾತ್ರ ಜೇಕು ಹುಲ್ಲಿನ ನಡುವೆ, ಮಂಡಿಯುದ್ದದ ನೀರಿನಲ್ಲಿ, ಹೊಟ್ಟೆತುಂಬ ಕಲ್ಲು ಹೇರಿಸಿಕೊಂಡು ಮುಳುಗಿ ಕುಳಿತಿತ್ತು. ವಿನ್ಸೆಂಟ್ ನೀರಿಗಿಳಿದು ಮೊದಲ ಕಲ್ಲು ಎತ್ತಿದಾಗ ದಂಡೆಯ ಮೇಲೆ ದುರಗವ್ವ ಬಂದು ನಿಂತಳು. ಓಣಿಗೆಲ್ಲ ಹಿರಿಯಳು. ಸೊಂಟದ ಮೇಲೆ ಹಿತ್ತಾಳೆ ಕೊಡ.

"ತಮ್ಮಾ, ಆರು ಒಯ್ದಿ, ಸಾಕು. ಇದು ನೀರಾಗ ಇರ್ಲಿ."

"ಯಾಕ ಬೇ ಆಯಿ? ಬ್ಯಾಸಿಗ್ಯಾಗ ಕಟಗಿ ಸೀಳಬಾರ್ದಂತ ದೋಣಿ ಮುಳುಗಿಸ್ತಾರ, ನನಗೂ ಗೊತ್ತೈತಿ. ಈಗೆಲ್ಲೈತಿ ಬ್ಯಾಸಿಗಿ?"

"ಕಟಗಿ ಸಲುವಾಗಿ ಅಲ್ಲೋ. ನಮ್ಮ ಅತ್ತಿ ಸಲುವಾಗಿ. ದೋಣಿ ನಡಸೂ ಹಕ್ಕಿನ ಜಗಳದಾಗ ಇದಕ್ಕ ಮಾಟ ಮಾಡಿಸಿ, ಒಳಗ ತಗಡು ಬಡಿಸ್ಯಾರ. ಇದು ಒಣಗಿದ್ರ ಇದರ ನೀರು ಆಕಿ ಎದಿಗೆ ಇಳೀತಿತ್ತು."

"ಈಗ ನಿಮ್ಮ ಅತ್ತಿ ಎಲ್ಲದಾಳ?"

"ಸತ್ತು ಒಂಬತ್ತು ವರ್ಷಾತು. ಮುಪ್ಪಾಗಿ ಸತ್ತಳು."

ವಿನ್ಸೆಂಟ್ ನಕ್ಕ. "ಹಂಗಾರ ಮಾಟದ ನೌಕರಿನೂ ಮುಗೀತು ಬಿಡು. ಅದಕ್ಕೂ ಪಿಂಚಣಿ ಕೊಡಸೂಣು."

ದುರಗವ್ವ ನಗಲಿಲ್ಲ. "ಅತ್ತಿ ಸತ್ತಳು. ತಗಡು ಸತ್ತಿಲ್ಲ. ಹಟ ಮಾಡಿ ಒಯ್ಯಾಂವ ನೀ, ಒಯ್ಯಿ. ಆ ತಗಡ ಮುಟ್ಟಬ್ಯಾಡ. ಸಂದಿಗೆ ನಿನ್ನ ಮನಿ ಬಟ್ಟಿ ತುಂಬಬ್ಯಾಡ."

ಎಂಟು ಜನ ಹಗ್ಗ ಕಟ್ಟಿ ಎಳೆದರು. ದೋಣಿ ಮೇಲೆದ್ದಾಗ ಕೆಸರು, ಕೊಳೆತ ಜೇಕು, ಹಳೆಯ ಮೀನು, ಎಲ್ಲ ಸೇರಿದ ಒಂದು ವಾಸನೆ ದಂಡೆಗೆ ಬಡಿಯಿತು. ಆ ವಾಸನೆಯ ತಳದಲ್ಲಿ ಇನ್ನೊಂದು ಇತ್ತು. ಬಹಳ ದಿನ ಮಲಗಿದಲ್ಲೇ ಇದ್ದ ರೋಗಿಯ ಹಾಸಿಗೆಯದು.

ಶೆಡ್ಡಿನಲ್ಲಿ ತೊಳೆದು ನೋಡಿದಾಗ, ತಳದ ನಡುಹಲಗೆಯ ಒಳಮೈಗೆ ಅಂಗೈಯಗಲದ ತಾಮ್ರದ ತಗಡು ಕಂಡಿತು. ಮೂರು ಮೊಳೆ. ಮೇಲೆ ಕೆತ್ತಿದ ಗೆರೆಗಳು, ಓದಲಾಗದ ಅಕ್ಷರಗಳು. ವಿನ್ಸೆಂಟನಿಗೆ ಖುಷಿಯೋ ಖುಷಿ.

"ದೋಣಿ ಕಟ್ಟಿದಾಂವನ ಗುರುತು ಇದು ಹಫೀಜ! ಇಂಥಾದ್ದು ಆ ಆರರಾಗ ಒಂದರೊಳಗೂ ಇಲ್ಲ."

ಹಫೀಜ ಅವನ ಹಿರಿಯ ಮೇಸ್ತ್ರಿ. ಇಪ್ಪತ್ತು ವರ್ಷ ಜೊತೆಗಿದ್ದವನು. ತಗಡನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಗುರುತು ಹೊರಗ ಹಾಕ್ತಾರ್ರಿ ಸಾಹೇಬ್ರ. ಯಾರಿಗೂ ಕಾಣಬಾರ್ದಂತ ಒಳಗ ಬಡಿಯಂಗಿಲ್ಲ."

ವಿನ್ಸೆಂಟ್ ತಗಡು ಕಿತ್ತ, ಹುಣಸೆಹಣ್ಣು ಹಚ್ಚಿ ಕೆಂಪಗೆ ಹೊಳೆಯುವಂತೆ ಉಜ್ಜಿದ. ಮತ್ತೆ ಅದೇ ಜಾಗ, ಅದೇ ಮೂರು ತೂತು, ಅದೇ ಮೂರು ಮೊಳೆ. ಹಫೀಜ ಸುತ್ತಿಗೆ ಹಿಡಿಯಲಿಲ್ಲ. ವಿನ್ಸೆಂಟನೇ ಬಡಿದ.

ಇನ್ನು ಸಂದಿ ತುಂಬುವ ಕೆಲಸ. ಹೊಸ ಹತ್ತಿ ಹಲಗೆಯ ಸಂದಿಯಲ್ಲಿ ಕೂರುವುದಿಲ್ಲ. ಉಟ್ಟು ಉಟ್ಟು, ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆಯೇ ಬೇಕು. ಅದನ್ನು ಹರಿದು, ಹೊಸೆದು, ರಾಳ ಬೆರೆಸಿದ ಎಣ್ಣೆಯಲ್ಲಿ ಅದ್ದಿ ಉಳಿಯಿಂದ ತುರುಕಬೇಕು. ದೋಣಿಯ ಮನೆಯ ಹೆಣ್ಣುಮಗಳ ಸೀರೆಯೇ ಆಗಬೇಕೆಂಬುದು ಅಂಬಿಗರ ಪದ್ಧತಿ. ಆರು ದೋಣಿಗಳಿಗೆ ಆರು ಮನೆಯವರು ಕೇಳುವ ಮೊದಲೇ ಕೊಟ್ಟಿದ್ದರು. ಏಳನೆಯದಕ್ಕೆ ಓಣಿಯ ಒಬ್ಬಳೂ ಒಂದು ಚಿಂದಿ ಕೊಡಲಿಲ್ಲ.

ವಿನ್ಸೆಂಟ್ ತನ್ನ ಹೆಂಡತಿ ಡೋರಾಳ ಟ್ರಂಕು ತೆಗೆದ.

"ಅಯ್ಯ, ಅದ್ಯಾಕ್ರಿ? ಚರ್ಚಿನ್ಯಾಗ ಮೊದಲನೇ ಸಲ ಹಾಡಿದಾಗ ಉಟ್ಟ ಸೀರಿ ಅದು."

"ಛಲೋ ಆತಲ್ಲ. ದೋಣಿಗೂ ಒಂದೀಟು ಹಾಡು ಬರ್ಲಿ."

ಡೋರಾ ಅವನ ಬೆನ್ನಿಗೊಂದು ಗುದ್ದು ಕೊಟ್ಟಳು, ಸೀರೆಯನ್ನೂ ಕೊಟ್ಟಳು. ಎಂಥ ದನಿ ಅಂತೀರಿ ಆಕೆಯದು! ಚರ್ಚಿನ ಹಾಡಿನ ಗುಂಪಿನಲ್ಲಿ ಮೂವತ್ತು ಜನ ಹಾಡಿದರೂ ಹೊರಗೆ ರಸ್ತೆಯಲ್ಲಿ ನಿಂತವನಿಗೆ ಆಕೆಯ ಉಸಿರೇ ಮೊದಲು ತಲುಪುತ್ತಿತ್ತು.

ಮರವೂ ರಾಳವೂ ಒಣಗಲೆಂದು ದೋಣಿಯನ್ನು ಶೆಡ್ಡಿನ ಒಣಗಿಸುವ ಕೋಣೆಗೆ ನೂಕಿದರು. ಕಿಟಕಿಯಿಲ್ಲದ ಕೋಣೆ. ಕತ್ತಲು, ಬಿಸಿಗಾಳಿ, ರಾಳದ ಘಾಟು. ವಿನ್ಸೆಂಟ್ ದಿನವೂ ಮರಕ್ಕೆ ಮೀಟರಿನ ಸೂಜಿ ಚುಚ್ಚಿ ತೇವ ನೋಡುತ್ತಿದ್ದ. ನೂರಕ್ಕೆ ನಲವತ್ತು ಇದ್ದದ್ದು ಮೂವತ್ತಕ್ಕೆ ಇಳಿದ ದಿನ ಡೋರಾಳಿಗೆ ಕೆಮ್ಮು ಬಂತು. ಇಪ್ಪತ್ತಕ್ಕೆ ಇಳಿದ ದಿನ ಆಕೆಯ ದಿಂಬು ಒದ್ದೆಯಾಗಿತ್ತು. ಬೆವರು ಅಂದುಕೊಂಡರು. ದಿಂಬಿಗೆ ಕೆಸರಿನ ವಾಸನೆ ಇತ್ತು. ಡಾಕ್ಟರು ಎದೆಯ ಫೋಟೋ ತೆಗೆಸಿ, ಏನೂ ಇಲ್ಲ, ಧೂಳಿನ ಅಲರ್ಜಿ ಎಂದರು. ಅತ್ತ ಕೋಣೆಯಲ್ಲಿ ಮರ ಟಕ್ ಎನ್ನುತ್ತಿತ್ತು. ಒಣಗುವ ಮರ ಸದ್ದು ಮಾಡುವುದು ಬಡಿಗರಿಗೆ ಹೊಸದಲ್ಲ. ಆದರೆ ಇದು ಟಕ್ ಎಂದು, ತಡೆದು, ಗೊರ್ ಎನ್ನುತ್ತಿತ್ತು. ಮನೆಯಲ್ಲಿ ಡೋರಾ ಕೆಮ್ಮುವುದೂ ಹಾಗೆಯೇ.

ಹಫೀಜ ಒಂದೇ ಮಾತು ಅಂದ. "ಸಾಹೇಬ್ರ, ಆ ಓಣಿ ಮುದುಕಿನ್ನ ಒಂದ್ ಮಾತು ಕೇಳ್ರಿ."

"ನೀನೂ ಶುರು ಹಚ್ಚಿಕೋಬ್ಯಾಡಪಾ," ಎಂದ ವಿನ್ಸೆಂಟ್. ಆದರೆ ಈ ಸಲ ಅವನು ನಗಲಿಲ್ಲ.

ಹಬ್ಬ ಭಾನುವಾರ, ಮಧ್ಯಾಹ್ನದ ಬಿಸಿಲು. ಕೆರೆಯ ದಂಡೆಯಲ್ಲಿ ಏಳು ದೋಣಿ, ಕೊರಳಿಗೆ ಚೆಂಡುಹೂವು. ಆರನ್ನು ನೀರಿಗೆ ಬಿಟ್ಟರು, ಮಕ್ಕಳು ಕೇಕೆ ಹಾಕಿದರು. ಏಳನೆಯದು ಪ್ರದರ್ಶನಕ್ಕೆಂದು ಮರದ ಕಾಲುಗಳ ಮೇಲೆ ಕುಳಿತಿತ್ತು. ಅಂದು ಮುಂಜಾನೆ ಮೀಟರು ಹನ್ನೆರಡು ತೋರಿಸಿತ್ತು. ಪೂರ್ತಿ ಒಣಗಿತ್ತು.

ಪ್ರಾರ್ಥನಾ ಗೀತೆಗೆ ಡೋರಾ ವೇದಿಕೆ ಹತ್ತಿದಳು. ಬಾಯಿ ತೆರೆದಳು.

ದನಿ ಬರಲಿಲ್ಲ. ನೀರು ಬಂತು.

ಹಸಿರು ನೀರು. ಅದರಲ್ಲಿ ಜೇಕಿನ ಎಳೆ. ಮೈಕು ಆ ಗೊರ್ ಸದ್ದನ್ನು ಕೆರೆಯ ಆಚೆ ದಂಡೆಯವರೆಗೆ ಕಳಿಸಿತು. ಡೋರಾ ಕುಸಿದಳು. ಮುಖ ನೀಲಿ. ಕಣ್ಣುಗಳು ಗಂಡನನ್ನೇ ಹುಡುಕುತ್ತಿದ್ದವು.

ವಿನ್ಸೆಂಟ್ ಅವಳ ಕಡೆಗೆ ಓಡಲಿಲ್ಲ. ದೋಣಿಯ ಕಡೆಗೆ ಓಡಿದ. ಆಗಲೇ ಅವನು ನಂಬಿದ್ದ, ನೋಡಿ. ಹಲಗೆಗಳ ಸಂದಿ ತೆರೆದು ಮುಚ್ಚುತ್ತಿತ್ತು. ತೆರೆದು ಮುಚ್ಚುತ್ತಿತ್ತು. ಮೀನಿನ ಕಿವಿರಿನ ಹಾಗೆ. ಒಳಗೆ ಹಾರಿ ಇಕ್ಕಳದಿಂದ ತಗಡಿನ ಒಂದು ಮೊಳೆ ಜಗ್ಗಿದ. ಮೊಳೆ ಎದ್ದಿತು.

"ಉಸಿರು ನಿಂತೈತ್ರಿ!" ವೇದಿಕೆಯ ಮೇಲಿಂದ ಹಫೀಜ ಕಿರುಚಿದ. "ಸಾಹೇಬ್ರ, ಉಸಿರು ನಿಂತೈತಿ!"

ದುರಗವ್ವ ದೋಣಿಯ ಅಂಚು ಹಿಡಿದಿದ್ದಳು. "ಕೀಳಬ್ಯಾಡ! ಆಕಿ ಬಟ್ಟಿ ಹಿಡಕೊಂಡು ಕುಂತೈತಿ ಅದು. ಮೊಳಿ ಕಿತ್ರ ಆಕಿ ಜೀವಾನ ಕಿತ್ತಂಗ! ಹೊಳ್ಳಿ ಬಡಿ!"

ಕಲ್ಲಿನಿಂದ ಬಡಿದ. ವೇದಿಕೆಯ ಮೇಲೆ ಉಸಿರು ಎಳೆದ ಸದ್ದು. ಒಂದೇ ಒಂದು.

"ಮುಳುಗಸು!"

ನೂಕಿದ. ಅಲುಗಲಿಲ್ಲ. ಹಫೀಜ ಓಡಿ ಬಂದು ಹೆಗಲು ಕೊಟ್ಟ. ಮರದ ಕಾಲು ಮುರಿಯಿತು. ದೋಣಿ ಜಾರಿತು. ಕೆಸರು. ನೀರು. ತೇಲಿತು!

ತೇಲಿತು. ಒಂದು ಹನಿಯೂ ಒಳಗೆ ಬರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ತುಂಬಿದ್ದ ಅವನು.

ಬೊಗಸೆಯಲ್ಲಿ ನೀರು ಎರಚಿದ. ಸಾಲದು. ಅಂಚಿಗೆ ಜೋತುಬಿದ್ದ. ವಾಲಿತು. ಇನ್ನಷ್ಟು ಜೋತ. ನೀರು ಒಳನುಗ್ಗಿತು. ದೋಣಿ ಅವನ ಮೇಲೆಯೇ ಮುಗುಚಿತು.

ಕತ್ತಲು. ಕಿವಿಯಲ್ಲಿ ನೀರು. ಮೇಲೆ ಹಲಗೆ. ಆ ಹಲಗೆಯೊಳಗಿಂದ, ಸಂದಿಸಂದಿಯಿಂದ, ಡೋರಾ ಹಾಡುತ್ತಿದ್ದಳು. ಮೊದಲ ಸಲ ಚರ್ಚಿನಲ್ಲಿ ಹಾಡಿದ ಅದೇ ಹಾಡು. ಸ್ಪಷ್ಟ. ಕಿವಿಗೆ ತುಟಿ ಹಚ್ಚಿ ಹಾಡಿದಷ್ಟು ಹತ್ತಿರ.

ಹಫೀಜ ಅವನ ಕೂದಲು ಹಿಡಿದು ಎಳೆದು ತಂದ.

ಡೋರಾ ಬದುಕಿದಳು. ದನಿ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಬಾಯಿ ತೆರೆದರೆ ಬರಿಯ ಗಾಳಿ. ದೋಣಿ ಮತ್ತೆ ಜೇಕಿನ ನಡುವೆ, ಕಲ್ಲು ಹೊತ್ತು ಮುಳುಗಿತು. ಅಂದು ಸಂಜೆ ದುರಗವ್ವ ತನ್ನ ಹಿತ್ತಾಳೆ ಕೊಡವನ್ನು ವಿನ್ಸೆಂಟನ ಮುಂದೆ ಇಟ್ಟಳು.

"ಬ್ಯಾಸಿಗ್ಯಾಗ ಕೆರಿ ಹಿಂದ ಸರೀತೈತಿ ತಮ್ಮಾ. ಅತ್ತಿ ಸಲುವಾಗಿ ನಾ ಹಾಕೇನಿ, ಪ್ರತಿ ಬ್ಯಾಸಿಗಿ, ದಿನಾ ಅರವತ್ತು ಕೊಡ. ಇನ್ನ ನೀ ಹಾಕು."

ಶೆಡ್ಡನ್ನು ಹಫೀಜನಿಗೆ ಬಿಟ್ಟು, ಗಂಡ ಹೆಂಡತಿ ಓಣಿಗೇ ಬಂದು ಇದ್ದಾರೆ. ಈ ಏಪ್ರಿಲಿನಲ್ಲಿ ನೀರು ಜೇಕು ಬಿಟ್ಟು ನೂರು ಹೆಜ್ಜೆ ಆಚೆ ಹೋಗಿದೆ. ದೋಣಿಯನ್ನು ನೀರಿನೊಳಗೆ ಎಳೆಯಲು ಕೆಸರು ಬಿಡುತ್ತಿಲ್ಲ. ಇಷ್ಟು ದಿನ ವಿನ್ಸೆಂಟ್ ಅದಕ್ಕೆ ನೀರು ಹೊತ್ತು ಹಾಕಿದ. ಮೊನ್ನೆಯಿಂದ ಜ್ವರ, ಏಳಲಾರ. ದುರಗವ್ವನಿಗೆ ಕೊಡ ಎತ್ತುವ ವಯಸ್ಸಲ್ಲ, ನನಗೂ ಅಲ್ಲ. ನಿನ್ನೆಯಿಂದ ಡೋರಾ ತಾನೇ ಕೊಡ ಹೊತ್ತು ಹಾಕುತ್ತಿದ್ದಾಳೆ. ಹತ್ತು ಹೆಜ್ಜೆಗೊಮ್ಮೆ ನಿಂತು ಕೆಮ್ಮುತ್ತಾಳೆ. ಈಗ ನಾನು ಮಾತಾಡುವಾಗ ಹಿಂದೆ ಕೇಳುತ್ತಿದೆಯಲ್ಲ, ಅದೇ.

ನಂಬದಿದ್ದರೆ ಬೇಡ. ಹಲ್ಲು ಕಿಸಿಯುವ ಮುಖವನ್ನೇ ಹಾಕಿ, ನನಗೇನು. ಆದರೆ ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಗೊತ್ತಿದ್ದವರಿಗೆಲ್ಲ ಕಳಿಸಿ. ಕಳಿಸುವಾಗ ಒಂದು ಮಾತು ಸೇರಿಸಿ: ಬರುವವರು ಮನೆಯಿಂದ ಒಂದು ಕೊಡ ತರಲಿ. ಮನೆಯ ಬಟ್ಟೆ ಮಾತ್ರ ಒಂದು ಚಿಂದಿಯೂ ತರುವುದು ಬೇಡ.